ಅಗ್ಗದ ಟೂಲ್ ಕೊಳ್ಳಬಹುದೇ? ಮನೆಯಲ್ಲೇ ರಿಪೇರಿ ಮಾಡುವವರಿಗೆ ಹಂತಹಂತದ ಮಾರ್ಗದರ್ಶಿ

ನನ್ನ ಟೂಲ್ ಪೆಟ್ಟಿಗೆಯಲ್ಲಿ ಒಂದೇ ದಿನ, ಒಂದೇ ಕಡೆ ಕೊಂಡ ಎರಡು ವಸ್ತುಗಳಿವೆ. ಒಂದು ರಬ್ಬರ್ ಸುತ್ತಿಗೆ. ಹದಿನೈದು ವರ್ಷ ಬಡಿದರೂ ಅದಕ್ಕೇನೂ ಆಗಿಲ್ಲ, ಹಿಡಿ ಒಂದಿಷ್ಟು ಕಪ್ಪಾಗಿದೆ ಅಷ್ಟೆ. ಇನ್ನೊಂದು ಬೋಲ್ಟಿನ ತಲೆಗೆ ಹಾಕಿ ತಿರುಗಿಸುವ 17 ಎಂಎಂ ಸಾಕೆಟ್. ಅದು ಮೊದಲ ತಿಂಗಳಲ್ಲೇ ಬೈಕಿನ ಆಯಿಲ್ ಡ್ರೇನ್ ಬೋಲ್ಟ್‌ನ ಆರೂ ಮೂಲೆಗಳನ್ನು ತಿಂದುಹಾಕಿತು. ವೈಸ್ ಗ್ರಿಪ್ ಹಚ್ಚಿ ಜಗ್ಗಿ, ಆಗದೆ ಉಳಿಯಿಂದ ಅಂಚಿಗೆ ಹೊಡೆದು ತಿರುಗಿಸಿ ಬೋಲ್ಟ್ ಬಿಡಿಸುವಷ್ಟರಲ್ಲಿ ಸಂಜೆಯಾಗಿತ್ತು. ನಡುವೆ ಉಳಿ ಜಾರಿ ಅಲ್ಯುಮಿನಿಯಂ ಕೇಸಿನ ಮೇಲೆ ಬಿದ್ದ ಗೀರು ಈಗಲೂ ಇದೆ. ಹೊಸ ಬೋಲ್ಟ್, ಹೊಸ ವಾಷರ್, ಹಾಳಾದ ಭಾನುವಾರ ಎಲ್ಲ ಸೇರಿಸಿದರೆ ಆ ಇಡೀ ಸಾಕೆಟ್ ಸೆಟ್ಟಿನ ಬೆಲೆಯನ್ನು ಮೀರಿಸಿತ್ತು.

ಕಾಸಿಗೆ ತಕ್ಕ ಕಜ್ಜಾಯ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಆ ಸುತ್ತಿಗೆಯೂ ಅದೇ ಕಾಸಿನ ಕಜ್ಜಾಯವೇ ತಾನೆ? ಅಲ್ಲಿಂದೀಚೆಗೆ ಯಾವ ಟೂಲ್ ನೋಡಿದರೂ ಬೆಲೆಗಿಂತ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಕೈಕೊಟ್ಟರೆ ಜೊತೆಗೆ ಇನ್ನೇನು ಹಾಳಾಗುತ್ತದೆ? ಸುತ್ತಿಗೆ ಕೈಕೊಟ್ಟರೆ ಸುತ್ತಿಗೆ ಮಾತ್ರ ಹೋಗುತ್ತದೆ. ಸಾಕೆಟ್ ಹೋಗುವಾಗ ಬೋಲ್ಟನ್ನೂ ಕರೆದುಕೊಂಡು ಹೋಗುತ್ತದೆ. ತೂತಿನೊಳಗೆ ಥ್ರೆಡ್ ಕೊರೆಯುವ ಟ್ಯಾಪ್ ಮುರಿದರೆ ಎಂಜಿನ್ ಕೇಸೇ ಹೋಗಬಹುದು. ಎತ್ತಿದ ವಾಹನವನ್ನು ಹೊರುವ ಜಾಕ್ ಸ್ಟ್ಯಾಂಡ್ ಕುಸಿದರೆ ವಾಹನದ ಕೆಳಗೆ ಮಲಗಿದವನೇ ಹೋಗುತ್ತಾನೆ. ಮುಂದಿನ ಹಂತಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಹಂತ 1: ಮೊದಲು ಕೆಲಸ ಬರೆದಿಡಿ, ಆಮೇಲೆ ಟೂಲ್

ಮುಂದಿನ ಆರು ತಿಂಗಳಲ್ಲಿ ನೀವು ನಿಜಕ್ಕೂ ಮಾಡಲಿರುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಆಯಿಲ್ ಬದಲಾವಣೆ, ಚೈನ್ ಬಿಗಿ ಮಾಡುವುದು, ಬ್ರೇಕ್ ಪ್ಯಾಡ್, ಸ್ಪಾರ್ಕ್ ಪ್ಲಗ್, ಬ್ಯಾಟರಿ ಬಿಚ್ಚಿ ಹಾಕುವುದು, ಇಷ್ಟೇ ಇದ್ದರೆ ಇಷ್ಟೇ. ಆಮೇಲೆ ವಾಹನದ ಹತ್ತಿರ ಕೂತು ಆ ಕೆಲಸಗಳಲ್ಲಿ ಬರುವ ಬೋಲ್ಟ್‌ಗಳ ತಲೆಯ ಅಳತೆ ನೋಡಿ.

ಇಲ್ಲಿ ಗೊತ್ತಿರಬೇಕಾದ ಸಣ್ಣ ಲೆಕ್ಕವಿದೆ. ಎಂ6 ಬೋಲ್ಟ್‌ಗೆ, ಅಂದರೆ ಥ್ರೆಡ್ಡಿನ ವ್ಯಾಸ 6 ಎಂಎಂ ಇರುವುದಕ್ಕೆ, ಸಾಮಾನ್ಯವಾಗಿ 10 ಎಂಎಂ ಸ್ಪ್ಯಾನರ್ ಬೇಕು. ಎಂ8ಕ್ಕೆ 13, ಆದರೆ ಜಪಾನಿ ವಿನ್ಯಾಸದ ವಾಹನಗಳಲ್ಲಿ 12. ಎಂ10ಕ್ಕೆ ಜಪಾನಿ ವಿನ್ಯಾಸದಲ್ಲಿ 14, ಉಳಿದೆಡೆ 16 ಅಥವಾ 17. ಹೀಗಾಗಿ ಒಂದು ಜಪಾನಿ ಬೈಕಿನ ಹೆಚ್ಚಿನ ಕೆಲಸ 8, 10, 12, 14, 17, 19 ಎಂಬ ಆರು ಅಳತೆಗಳಲ್ಲೇ ಮುಗಿದುಹೋಗುತ್ತದೆ. 11, 15, 18 ನಿಮ್ಮ ಪೆಟ್ಟಿಗೆಯಲ್ಲಿ ಹೊಳೆಯುತ್ತಾ ಮಲಗಿರುತ್ತವೆ.

ಇದನ್ನು ಮೊದಲು ಹೇಳಲು ಕಾರಣ ಆ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಗಳು. ‘150 ಪೀಸ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಮುಚ್ಚಳ ತೆಗೆದು ಎಣಿಸಿ ನೋಡಿ. ಬೆರಳ ತುದಿಯಷ್ಟಿರುವ ಸ್ಕ್ರೂಡ್ರೈವರ್ ಬಿಟ್‌ಗಳದ್ದೇ ದೊಡ್ಡ ಪಾಲು. ಮೇಲೆ ಬೋಲ್ಟ್ ತಲೆಯ ಆರು ಮೂಲೆಯ ತೂತಿಗೆ ಹಾಕುವ ತಂತಿಯಂಥ ಅಲೆನ್ ಕೀಗಳು, ಇಂಚಿನ ಅಳತೆಯ ಸಾಕೆಟ್‌ಗಳು, ಬಳಸಲು ಬಾರದ ಒಂದು ಇಕ್ಕಳ. ಅದೇ ಹಣಕ್ಕೆ ನಿಮಗೆ ಬೇಕಾದ ಆರು ಅಳತೆಯ ಒಳ್ಳೆಯ ಸ್ಪ್ಯಾನರ್, ಆರು ಸಾಕೆಟ್, ಅವನ್ನು ತಿರುಗಿಸುವ ಒಂದು ರ‍್ಯಾಚೆಟ್ ಬಿಡಿಯಾಗಿ ಸಿಗುವ ಸಾಧ್ಯತೆ ಹೆಚ್ಚು. ಪೆಟ್ಟಿಗೆ ಚೆನ್ನಾಗಿ ಕಾಣುವುದಿಲ್ಲ, ಒಪ್ಪುತ್ತೇನೆ.

ಹಂತ 2: ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳಿ

ಅಗ್ಗದ ಸ್ಪ್ಯಾನರ್ ಮೇಲೂ ‘ಕ್ರೋಮ್ ವೆನೇಡಿಯಂ’ ಎಂದು ಕೆತ್ತಿರುತ್ತದೆ, ದುಬಾರಿಯದರ ಮೇಲೂ ಕೆತ್ತಿರುತ್ತದೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಆ ಕೆತ್ತನೆ ಉಕ್ಕಿನಲ್ಲಿ ಏನು ಬೆರೆಸಿದ್ದಾರೆ ಎಂಬುದನ್ನು ಹೇಳುತ್ತದೆ. ಆ ಉಕ್ಕನ್ನು ಹೇಗೆ ಕಾಯಿಸಿದರು, ಹೇಗೆ ತಣಿಸಿದರು, ಎಂಥ ಹದಕ್ಕೆ ತಂದರು ಎಂಬುದನ್ನು ಹೇಳುವುದಿಲ್ಲ. ಟೂಲಿನ ಜೀವ ಇರುವುದು ಹದದಲ್ಲಿ. ನೀವು ಹೆಚ್ಚಿಗೆ ಕೊಡುವ ಹಣದ ದೊಡ್ಡ ಭಾಗ ಹೋಗುವುದು ಅದಕ್ಕೆ ಮತ್ತು ಬಾಯಿಯ ಅಳತೆಯನ್ನು ಕರಾರುವಾಕ್ಕಾಗಿ ಇಡುವುದಕ್ಕೆ. ಮೇಲಿನ ಹೊಳಪು ಇಬ್ಬರಿಗೂ ಸುಲಭ.

ಉಕ್ಕಿನ ಗಡಸುತನವನ್ನು ರಾಕ್‌ವೆಲ್ ಸಿ ಎಂಬ ಮಾಪಕದಲ್ಲಿ ಅಳೆಯುತ್ತಾರೆ. ತಲೆಯ ಮೇಲೆ 8.8 ಎಂದು ಬಲದ ದರ್ಜೆ ಬರೆದಿರುವ ಸಾಧಾರಣ ಬೋಲ್ಟ್ ಆ ಮಾಪಕದಲ್ಲಿ 22ರಿಂದ 32ರೊಳಗೆ ಬರುತ್ತದೆ. ಒಳ್ಳೆಯ ಸ್ಪ್ಯಾನರ್ 40ರ ಮೇಲಿರುತ್ತದೆ. ಅರ 60 ದಾಟುತ್ತದೆ, ಅದಕ್ಕೇ ಅದು ಕಬ್ಬಿಣವನ್ನು ಕೊರೆಯುತ್ತದೆ, ಅದಕ್ಕೇ ನೆಲಕ್ಕೆ ಬಿದ್ದರೆ ಮುರಿಯುತ್ತದೆ. ಸ್ಪ್ಯಾನರ್ ಬೋಲ್ಟ್‌ಗಿಂತ ಗಟ್ಟಿಯಿರಬೇಕು, ಆದರೆ ಅರದಷ್ಟು ಗಡಸಾಗಿ ಫಟ್ಟೆಂದು ಸೀಳಬಾರದು. ಹದ ತಪ್ಪಿದ ಅಗ್ಗದ ಸ್ಪ್ಯಾನರ್ ಒಂದೋ ಬಾಯಿ ಅಗಲಿಸುತ್ತದೆ, ಇಲ್ಲವೇ ಸೀಳುತ್ತದೆ.

ಅಲೆನ್ ಕೀ ವಿಷಯದಲ್ಲಿ ಇದು ಇನ್ನೂ ಕಟ್ಟುನಿಟ್ಟು. ಅಲೆನ್ ಬೋಲ್ಟ್‌ಗಳು ಅನೇಕ ಕಡೆ 12.9 ದರ್ಜೆಯವು, ಅಂದರೆ 39ರಿಂದ 44ರ ಗಡಸುತನ. ಅದಕ್ಕೆ ಹಾಕುವ ಕೀ 50ರ ಮೇಲಿರಬೇಕು. ಸೆಟ್ಟಿನ ಜೊತೆ ಉಚಿತವಾಗಿ ಬರುವ ಕೀಗಳು ಅಷ್ಟಿರುವುದು ಅಪರೂಪ. ಅವುಗಳ ಮೂಲೆ ದುಂಡಾಗುತ್ತದೆ, ದುಂಡಾದ ಕೀ ಬೋಲ್ಟಿನ ತೂತನ್ನೂ ದುಂಡು ಮಾಡುತ್ತದೆ. ನನ್ನ ಲೆಕ್ಕದಲ್ಲಿ ಮನೆ ಮೆಕ್ಯಾನಿಕ್ ಮೊದಲು ದುಡ್ಡು ಸುರಿಯಬೇಕಾದ ಕೈಟೂಲ್ ಅಲೆನ್ ಕೀ. ಚಿಕ್ಕದು, ಆದ್ದರಿಂದ ಒಳ್ಳೆಯದನ್ನು ಕೊಂಡರೂ ಜೇಬಿಗೆ ಭಾರವಾಗದು.

ಹಂತ 3: ಕೈಕೊಟ್ಟರೆ ಏನು ಹೋಗುತ್ತದೆ? ಗುಂಪು ಮಾಡಿ

ಕಣ್ಣುಮುಚ್ಚಿ ಅಗ್ಗದ್ದು ಕೊಳ್ಳಬಹುದಾದವು ಬಹಳಷ್ಟಿವೆ. ಸುತ್ತಿಗೆ, ರಬ್ಬರ್ ಸುತ್ತಿಗೆ, ಸನ್ನೆಕೋಲು, ಆಯಿಲ್ ಹಿಡಿಯುವ ಟ್ರೇ, ಫನಲ್, ತಂತಿ ಬ್ರಶ್, ಅಯಸ್ಕಾಂತದ ತಟ್ಟೆ, ಕ್ಲಾಂಪ್‌ಗಳು, ಪ್ಲಾಸ್ಟಿಕ್ ಟ್ರಿಮ್ ತೆಗೆಯುವ ಪಟ್ಟಿಗಳು, ಒರೆಸುವ ಬಟ್ಟೆ ಚೂರಿನಿಂದ ಹಿಡಿದು ಗ್ರೀಸ್ ಗನ್‌ವರೆಗೆ. ಇವು ಹಾಳಾದರೆ ಇವೇ ಹಾಳಾಗುತ್ತವೆ. ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಕೂಡ ಇದೇ ಗುಂಪಿಗೆ ಸೇರುತ್ತದೆ. ಅಗ್ಗದ ಇಂಪ್ಯಾಕ್ಟ್ ಡ್ರೈವರ್ ಕೂಡ ಹಟ ಹಿಡಿದ ಸ್ಕ್ರೂ ಬಿಚ್ಚುತ್ತದೆ, ಅದರ ಬಿಟ್ ಮಾತ್ರ ಒಳ್ಳೆಯದನ್ನು ಹಾಕಿಕೊಳ್ಳಿ.

ಎರಡನೆಯದು ಬೋಲ್ಟ್ ತಿನ್ನುವ ಗುಂಪು: ಸ್ಪ್ಯಾನರ್, ಸಾಕೆಟ್, ಸ್ಕ್ರೂಡ್ರೈವರ್, ಅಲೆನ್ ಕೀ. ಇಲ್ಲಿ ತೀರಾ ಕೆಳಗಿನದ್ದು ಬೇಡ, ತೀರಾ ಮೇಲಿನದ್ದೂ ಬೇಡ. ವೃತ್ತಿಪರರು ಕೊಳ್ಳುವ ಬ್ರ್ಯಾಂಡ್‌ಗೂ ನಡುಮಟ್ಟದ್ದಕ್ಕೂ ಇರುವ ಅಂತರ ದಿನಕ್ಕೆ ಎಂಟು ಗಂಟೆ ಹಿಡಿದವನಿಗೆ ಗೊತ್ತಾಗುತ್ತದೆ, ತಿಂಗಳಿಗೆ ಎರಡು ಸಲ ಹಿಡಿಯುವವನಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಮೂರನೆಯದು ಬೆಲೆಬಾಳುವ ಭಾಗವನ್ನೇ ಕೆಡಿಸುವ ಗುಂಪು. ಟ್ಯಾಪ್, ಮುರಿದ ಬೋಲ್ಟ್ ತೆಗೆಯುವ ಎಕ್ಸ್‌ಟ್ರ್ಯಾಕ್ಟರ್, ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿ ಮಾಡುವ ಟಾರ್ಕ್ ವ್ರೆಂಚ್, ಅಳತೆಯ ಸಾಧನಗಳು. ಟ್ಯಾಪಿನ ಕಥೆ ಹೇಳಲೇಬೇಕು. ಥ್ರೆಡ್ ಹೋಗಿದ್ದ ಒಂದು ಎಂ6 ತೂತಿಗೆ ನಾನು ಸೆಟ್ಟಿನಲ್ಲಿ ಬಂದಿದ್ದ ಕಾರ್ಬನ್ ಸ್ಟೀಲ್ ಟ್ಯಾಪ್ ಇಳಿಸಿದೆ. ಅರ್ಧ ಸುತ್ತು ಹೆಚ್ಚು ತಿರುಗಿಸಿದ್ದೇ ಟಕ್ ಎಂದಿತು. ತೂತಿನೊಳಗೆ ಉಳಿದ ತುಂಡು ಮಾಮೂಲಿ ಡ್ರಿಲ್ ಬಿಟ್‌ಗಿಂತ ಕಡಿಮೆ ಗಡಸೇನಲ್ಲ. ಬಿಟ್ ಅದರ ಮೇಲೆ ಜಾರಿ ಪಕ್ಕದ ಮೆತ್ತನೆ ಅಲ್ಯುಮಿನಿಯಂ ಕೊರೆಯಲು ಹೋಗುತ್ತದೆ. ಒಂದು ತಪ್ಪು ಸರಿಮಾಡಲು ಹೋಗಿ ಹತ್ತು ತಪ್ಪು. ಎಕ್ಸ್‌ಟ್ರ್ಯಾಕ್ಟರ್ ಮುರಿದರೂ ಇದೇ ಪಾಡು. ಇಡೀ ಟ್ಯಾಪ್ ಸೆಟ್ ಬೇಡ. ನಿಮಗೆ ಬೇಕಾಗುವುದು ಎಂ6, ಎಂ8, ಎಂ10 ಅಷ್ಟೇ. ಈ ಮೂರನ್ನು ಹೈಸ್ಪೀಡ್ ಸ್ಟೀಲಿನಲ್ಲಿ ಬಿಡಿಯಾಗಿ ಕೊಳ್ಳಿ. ಜೊತೆಗೆ ಅವಕ್ಕೆ ಹೊಂದುವ 5.0, 6.8, 8.5 ಎಂಎಂ ಡ್ರಿಲ್ ಬಿಟ್‌ಗಳು. ಟ್ಯಾಪ್ ಹಾಕುವಾಗ ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ.

ನಾಲ್ಕನೆಯ ಗುಂಪು ಮೈಗೆ ಸಂಬಂಧಿಸಿದ್ದು. ಅದಕ್ಕೆ ಪ್ರತ್ಯೇಕ ಹಂತವೇ ಬೇಕು, ಆಮೇಲೆ ಬರುತ್ತೇನೆ.

ಹಂತ 4: ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ನೋಡಿ

ಸಾಕೆಟ್‌ನಿಂದ ಶುರುಮಾಡೋಣ. ಒಳಗೆ ಬೆರಳು ಹಾಕಿ ಮೂಲೆ ಎಣಿಸಿ. ಆರು ಮೂಲೆಯದನ್ನೇ ಆರಿಸಿ. ಹನ್ನೆರಡು ಮೂಲೆಯದು ಇಕ್ಕಟ್ಟಿನ ಜಾಗದಲ್ಲಿ ಕೂರಿಸಲು ಸುಲಭ, ಆದರೆ ಬೋಲ್ಟಿನ ಮೂಲೆಯ ಹತ್ತಿರ ಮಾತ್ರ ಒತ್ತುತ್ತದೆ. ಆಮೇಲೆ ಬಾಯಿಯ ಅಂಚು ನೋಡಿ. ಅಗ್ಗದ ಸಾಕೆಟ್‌ಗಳಲ್ಲಿ ಬೋಲ್ಟ್ ಸುಲಭವಾಗಿ ಒಳಹೋಗಲೆಂದು ಅಂಚನ್ನು ಆಳವಾಗಿ ಇಳಿಜಾರು ಮಾಡಿರುತ್ತಾರೆ. ತೆಳ್ಳನೆಯ ತಲೆಯ ಬೋಲ್ಟ್ ಆದರೆ ಆ ಇಳಿಜಾರಿನಲ್ಲೇ ಅರ್ಧ ತಲೆ ಹೋಗಿಬಿಡುತ್ತದೆ, ಹಿಡಿತ ಉಳಿಯುವುದು ಅಂಚಿನಷ್ಟೇ. ನನ್ನ ಡ್ರೇನ್ ಬೋಲ್ಟ್ ತಿಂದ ಸಾಕೆಟ್‌ಗೆ ಈ ಎರಡೂ ರೋಗವಿತ್ತು.

ಒಂದು ಹೊಸ ಬೋಲ್ಟನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಸ್ಪ್ಯಾನರ್ ಆಗಲಿ ಸಾಕೆಟ್ ಆಗಲಿ ಅದಕ್ಕೆ ಹಾಕಿ ಎಡಬಲ ಅಲ್ಲಾಡಿಸಿ. ಒಂದು ಕೂದಲೆಳೆಯಷ್ಟು ಆಟ ಇದ್ದೇ ಇರುತ್ತದೆ. ಕಣ್ಣಿಗೆ ಕಾಣುವಷ್ಟು ತಿರುಗಿದರೆ ವಾಪಸ್ ಇಡಿ.

ರ‍್ಯಾಚೆಟ್‌ನಲ್ಲಿ ಹಲ್ಲಿನ ಸಂಖ್ಯೆಯದ್ದೇ ದೊಡ್ಡ ಪ್ರಚಾರ. 24 ಹಲ್ಲಿನದ್ದಕ್ಕೆ ಹಿಡಿಯನ್ನು 15 ಡಿಗ್ರಿ ಸರಿಸಬೇಕು, 36ಕ್ಕೆ 10 ಡಿಗ್ರಿ, 72ಕ್ಕೆ 5 ಡಿಗ್ರಿ. ಇಕ್ಕಟ್ಟಿನಲ್ಲಿ 72 ಹಲ್ಲು ದೇವರು ಕೊಟ್ಟ ವರ. ಆದರೆ ಹಲ್ಲು ಹೆಚ್ಚಾದಂತೆ ಒಂದೊಂದು ಹಲ್ಲೂ ಸಣ್ಣದಾಗುತ್ತದೆ. ಹದ ಚೆನ್ನಾಗಿಲ್ಲದ ಉಕ್ಕಿನಲ್ಲಿ ಸಣ್ಣ ಹಲ್ಲು ಎಂದರೆ ಜಾರುವ ಹಲ್ಲು. ಅದು ಜಾರಿದಾಗ ಬೆರಳಿನ ಗೆಣ್ಣು ಹೋಗಿ ಎಂಜಿನ್ನಿನ ಫಿನ್‌ಗೆ ಬಡಿಯುತ್ತದೆ. ಅಗ್ಗದ್ದೇ ಕೊಳ್ಳುವುದಾದರೆ 36ರಿಂದ 48 ಹಲ್ಲಿನದು ಸಾಕು. ಜೊತೆಗೆ ಒಂದು ಉದ್ದನೆಯ ಬ್ರೇಕರ್ ಬಾರ್ ಇರಲಿ. ಅದರೊಳಗೆ ಹಲ್ಲೇ ಇಲ್ಲ, ಕೆಡಲು ಏನೂ ಇಲ್ಲ, ಆದ್ದರಿಂದ ಅಗ್ಗದ್ದೂ ನಡೆಯುತ್ತದೆ. ಬಿಗಿ ಬೋಲ್ಟನ್ನು ಬ್ರೇಕರ್ ಬಾರಿನಿಂದ ಸಡಿಲಿಸಿ, ಉಳಿದದ್ದನ್ನು ರ‍್ಯಾಚೆಟ್‌ನಿಂದ ಬಿಚ್ಚಿ. ಈ ಒಂದು ಅಭ್ಯಾಸ ಅಗ್ಗದ ರ‍್ಯಾಚೆಟ್‌ನ ಆಯಸ್ಸನ್ನು ಎಷ್ಟೋ ಪಟ್ಟು ಹೆಚ್ಚಿಸುತ್ತದೆ.

ಇಕ್ಕಳವನ್ನು ಮುಚ್ಚಿ ಬೆಳಕಿಗೆ ಹಿಡಿಯಿರಿ. ಕತ್ತರಿಸುವ ಅಂಚಿನ ನಡುವೆ ಬೆಳಕು ಬರಬಾರದು. ಒಂದು ತೆಳು ಕಾಗದ ಕತ್ತರಿಸಿ ನೋಡಿ, ಕಡಿಯದೆ ಮಡಚಿದರೆ ತಾಮ್ರದ ಎಳೆಯನ್ನೂ ಹಾಗೇ ಮಡಚುತ್ತದೆ. ಕೀಲಿನ ಬಳಿ ಪಕ್ಕಕ್ಕೆ ಅಲ್ಲಾಡಿದರೆ ಬೇಡ.

ಸ್ಕ್ರೂಡ್ರೈವರ್‌ನಲ್ಲಿ ಬೆಲೆಗಿಂತ ತುದಿಯ ಜಾತಿ ಮುಖ್ಯ. ‘ಸ್ಟಾರ್’ ಎಂದು ನಾವು ಕರೆಯುವ ಎಲ್ಲವೂ ಒಂದೇ ಅಲ್ಲ. ಜಪಾನಿ ಬೈಕು, ಕ್ಯಾಮೆರಾ, ಕಾರ್ಬ್ಯುರೇಟರ್‌ಗಳ ಮೇಲಿನ ಸ್ಕ್ರೂಗಳು ಅನೇಕ ಸಲ ಜಪಾನಿ ಮಾನದಂಡದವು. ಅವುಗಳ ತಲೆಯ ಮೇಲೆ ಒಂದು ಪುಟ್ಟ ಚುಕ್ಕೆ ಇರುತ್ತದೆ. ಮಾಮೂಲಿ ಫಿಲಿಪ್ಸ್ ತುದಿ ಅದರೊಳಗೆ ಪೂರ್ತಿ ಕೂರುವುದಿಲ್ಲ, ಜೋರು ಹಾಕಿದರೆ ಮೇಲಕ್ಕೆದ್ದು ತಲೆ ಕೆರೆಯುತ್ತದೆ. ಎಷ್ಟು ದುಬಾರಿ ಫಿಲಿಪ್ಸ್ ತಂದರೂ ಇದೇ ಗತಿ, ಸರಿಯಾದ ತುದಿಯ ಅಗ್ಗದ ಡ್ರೈವರ್ ಅದಕ್ಕಿಂತ ಚೆನ್ನಾಗಿ ಬಿಚ್ಚುತ್ತದೆ. ನಂಬರ್ ಕೂಡ ನೋಡಿ. ಎಂ4, ಎಂ5 ಸ್ಕ್ರೂಗೆ 2ನೇ ನಂಬರ್, ಎಂ6ಕ್ಕೆ 3ನೇ ನಂಬರ್. ಮನೆಗಳಲ್ಲಿ 3ನೇ ನಂಬರ್ ಇರುವುದೇ ಇಲ್ಲ, ಎಂಜಿನ್ ಕವರಿನ ದೊಡ್ಡ ಸ್ಕ್ರೂಗಳ ತಲೆ ಹೋಗುವುದಕ್ಕೆ ಮುಖ್ಯ ಕಾರಣ ಇದೇ.

ಡ್ರಿಲ್ ಬಿಟ್‌ಗಳ ಚಿನ್ನದ ಬಣ್ಣಕ್ಕೆ ಮರುಳಾಗಬೇಡಿ. ಅದು ಟೈಟಾನಿಯಂ ನೈಟ್ರೈಡ್‌ನ ಅತಿ ತೆಳುವಾದ ಲೇಪ, ಒಳಗಿನ ಉಕ್ಕು ಯಾವುದೆಂದು ಅದರಿಂದ ತಿಳಿಯುವುದಿಲ್ಲ. ಐವತ್ತು ಬಿಟ್‌ಗಳ ಚಿನ್ನದ ಸೆಟ್ಟಿಗಿಂತ ಐದು ಒಳ್ಳೆ ಹೈಸ್ಪೀಡ್ ಸ್ಟೀಲ್ ಬಿಟ್ ಸಾಕು.

ಹಂತ 5: ಮನೆಗೆ ತಂದ ಮೇಲೆ ಪರೀಕ್ಷೆ ಮಾಡಿ

ಅಗ್ಗದ ಟೂಲ್‌ಗಳಲ್ಲಿ ಎಲ್ಲವೂ ಕಳಪೆ ಅಂತಲ್ಲ, ಒಂದರಂತೆ ಇನ್ನೊಂದು ಇರುವುದಿಲ್ಲ ಎನ್ನುವುದೇ ತೊಂದರೆ. ದುಬಾರಿ ಟೂಲಿನಲ್ಲಿ ಕಾರ್ಖಾನೆಯವರು ಮಾಡಿರುವ ತಪಾಸಣೆಯನ್ನು ಅಗ್ಗದ್ದರಲ್ಲಿ ನೀವು ಮಾಡಬೇಕು. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಮಾಡಿ.

ವ್ಯಾಸ, ದಪ್ಪ ಅಳೆಯುವ ಡಿಜಿಟಲ್ ವರ್ನಿಯರ್ ಕೊಂಡಿದ್ದರೆ ಪರೀಕ್ಷಿಸಲು ಬಾಲ್ ಬೇರಿಂಗ್‌ಗಿಂತ ಒಳ್ಳೆಯ ಗೆಳೆಯನಿಲ್ಲ. ಬೇರಿಂಗ್‌ಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಮಾಡಿರುತ್ತಾರೆ. 608 ನಂಬರಿನ ಬೇರಿಂಗ್ ಎಂದರೆ ಹೊರ ವ್ಯಾಸ 22 ಎಂಎಂ, ಒಳ ವ್ಯಾಸ 8, ಅಗಲ 7. 6203 ಎಂದರೆ ಹೊರಗೆ 40, ಒಳಗೆ 17, ಅಗಲ 12. ಬಳಸದ ಒಂದು ಬೇರಿಂಗ್ ಹಿಡಿದು ಹೊರಗೆ, ಒಳಗೆ, ಅಗಲ ಮೂರನ್ನೂ ಐದೈದು ಸಲ ಅಳೆಯಿರಿ. ಪ್ರತಿ ಸಲ ಬಾಯಿ ಮುಚ್ಚಿ ಸೊನ್ನೆಗೆ ಬರುತ್ತದೋ ನೋಡಿ. 0.02 ಅಥವಾ 0.03 ಎಂಎಂ ಒಳಗೆ ಬಂದರೆ ಆ ವರ್ನಿಯರ್ ಮನೆಗೆ ಧಾರಾಳ ಸಾಕು. ನನ್ನ ಅಗ್ಗದ ವರ್ನಿಯರ್ ಈ ಪರೀಕ್ಷೆ ಪಾಸಾಗಿ ವರ್ಷಗಳೇ ಆದವು. ಅದರ ದೋಷ ಒಂದೇ, ಆಫ್ ಇದ್ದಾಗಲೂ ಬಟನ್ ಸೆಲ್ ತಿನ್ನುತ್ತದೆ.

ಟಾರ್ಕ್ ವ್ರೆಂಚ್ ಪರೀಕ್ಷೆಗೆ ಸ್ವಲ್ಪ ತಾಳ್ಮೆ ಬೇಕು, ಆದರೆ ಇದನ್ನು ಬಿಡಬೇಡಿ. ಟಾರ್ಕ್ ಎಂದರೆ ಬಲ ಮತ್ತು ಉದ್ದದ ಗುಣಾಕಾರ, ಅಷ್ಟೆ. ವ್ರೆಂಚಿನ ಚೌಕ ತುದಿಯನ್ನು ಮೇಜಿಗೆ ಬಿಗಿದ ವೈಸ್‌ನಲ್ಲಿ ಅಡ್ಡಲಾಗಿ ಕಚ್ಚಿಸಿ, ಹಿಡಿ ನೆಲಕ್ಕೆ ಸಮಾನಾಂತರ ಇರಲಿ. ಚೌಕದ ನಡುವಿನಿಂದ ಹಿಡಿಯ ನಡುವಿಗೆ ಟೇಪ್ ಹಿಡಿಯಿರಿ. ಅದು 40 ಸೆಂಟಿಮೀಟರ್ ಎಂದುಕೊಳ್ಳೋಣ. ಅಲ್ಲಿ ಕ್ಯಾನು, ನೀರು ಎಲ್ಲ ಸೇರಿ ಸರಿಯಾಗಿ 20 ಕಿಲೋ ತೂಗುವ ಭಾರ ನೇತುಹಾಕಿ. 20 ಗುಣಿಸು 9.81 ಗುಣಿಸು 0.40, ಅಂದರೆ 78.5 ನ್ಯೂಟನ್ ಮೀಟರ್. ವ್ರೆಂಚಿನ ಸ್ವಂತ ಭಾರವೂ ಕೆಳಕ್ಕೆ ಎಳೆಯುತ್ತದೆ. ಅದನ್ನು ಬೆರಳ ಮೇಲೆ ಸಮತೋಲ ನಿಲ್ಲಿಸಿ ಆ ಬಿಂದು ಚೌಕದಿಂದ ಎಷ್ಟು ದೂರ ಎಂದು ನೋಡಿ. 1.2 ಕಿಲೋದ ವ್ರೆಂಚ್ 18 ಸೆಂಟಿಮೀಟರಿನಲ್ಲಿ ನಿಂತರೆ ಸುಮಾರು 2 ನ್ಯೂಟನ್ ಮೀಟರ್ ಸೇರಿಸಬೇಕು. ಒಟ್ಟು 80.6.

ಈಗ ವ್ರೆಂಚನ್ನು 70ಕ್ಕೆ ಇಟ್ಟು ಭಾರವನ್ನು ಮೆಲ್ಲಗೆ ಬಿಡಿ. ಕ್ಲಿಕ್ ಎನ್ನಬೇಕು. 90ಕ್ಕೆ ಇಟ್ಟು ಬಿಡಿ, ಕ್ಲಿಕ್ ಎನ್ನಬಾರದು. ನಡುವೆ ಒಂದೊಂದೇ ಅಂಕೆ ಬದಲಿಸುತ್ತಾ ಎಲ್ಲಿ ಕ್ಲಿಕ್ ನಿಲ್ಲುತ್ತದೆ ಎಂದು ಹುಡುಕಿ. ಒಳ್ಳೆಯ ಕ್ಲಿಕ್ ವ್ರೆಂಚ್‌ಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ ಶೇಕಡಾ 4, ಅಂದರೆ ಇಲ್ಲಿ ಸುಮಾರು 77ರಿಂದ 84. ಆ ಗೆರೆಯೊಳಗೆ ಬಂದರೆ, ಮತ್ತೆ ಮತ್ತೆ ಮಾಡಿದರೂ ಅಲ್ಲೇ ಬಂದರೆ, ಅಗ್ಗದ್ದಾದರೇನು, ಇಟ್ಟುಕೊಳ್ಳಿ. ಪ್ರತಿ ಸಲ ಬೇರೆ ಕಡೆ ಬಂದರೆ ವಾಪಸ್ ಕೊಡಿ, ಅಂಥದ್ದಕ್ಕೆ ಮದ್ದಿಲ್ಲ.

ಒಂದು ಮಾತು ಸೇರಿಸುತ್ತೇನೆ. ಚಕ್ರದ ನಟ್‌ಗೆ ಕೊಂಡ ದೊಡ್ಡ ವ್ರೆಂಚನ್ನು ಎಂ6 ಬೋಲ್ಟ್‌ಗೆ ಹಿಡಿಯಬೇಡಿ. 8.8 ದರ್ಜೆಯ ಎಂ6 ಬೋಲ್ಟ್‌ಗೇ ಸುಮಾರು 10 ನ್ಯೂಟನ್ ಮೀಟರ್ ಸಾಕು, ಅಲ್ಯುಮಿನಿಯಂ ಥ್ರೆಡ್‌ನಲ್ಲಿ ಅದಕ್ಕಿಂತಲೂ ಎಚ್ಚರ. 200ರವರೆಗಿನ ವ್ರೆಂಚ್ ತನ್ನ ಮಿತಿಯ ಐದನೇ ಒಂದು ಭಾಗಕ್ಕಿಂತ ಕೆಳಗೆ, ಅಂದರೆ 40ಕ್ಕಿಂತ ಕೆಳಗೆ ನಂಬಿಕೆಗೆ ಅರ್ಹವಲ್ಲ. ಹಣ ಕಡಿಮೆ ಇದ್ದರೆ ಮುಳ್ಳು ತೋರಿಸುವ ಹಳೇ ಮಾದರಿಯ ಬೀಮ್ ಟಾರ್ಕ್ ವ್ರೆಂಚ್ ಹುಡುಕಿ. ಒಂದು ಬಾಗುವ ಸಲಾಕೆ, ಒಂದು ಬಾಗದ ಮುಳ್ಳು, ಅಷ್ಟೇ ಅದರ ಯಂತ್ರ. ಒಳಗೆ ಸ್ಪ್ರಿಂಗ್ ಇಲ್ಲ, ಸವೆಯುವುದಿಲ್ಲ. ಮುಳ್ಳು ಸೊನ್ನೆ ಬಿಟ್ಟು ಸರಿದಿದ್ದರೆ ಕೈಯಿಂದ ಬಗ್ಗಿಸಿ ಸರಿಮಾಡಿದರಾಯಿತು. ಅಂಕಿಯನ್ನು ನೇರ ಮೇಲಿನಿಂದ ಓದಬೇಕು ಎನ್ನುವುದೊಂದೇ ಕಿರಿಕಿರಿ.

ಮಲ್ಟಿಮೀಟರ್ ಅಗ್ಗದ್ದಾದರೂ ಬ್ಯಾಟರಿ ಕೆಲಸಕ್ಕೆ ಸಾಕು. ಹೊಸ ಆಲ್ಕಲೈನ್ ಸೆಲ್‌ಗೆ ಹಿಡಿದರೆ 1.5ರಿಂದ 1.6 ವೋಲ್ಟ್ ತೋರಿಸಬೇಕು. ಪೂರ್ತಿ ಚಾರ್ಜ್ ಆಗಿ ಸುಮ್ಮನೆ ಇಟ್ಟ ವಾಹನದ ಬ್ಯಾಟರಿ 12.6ರ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.5. ಆದರೆ ಅದೇ ಮೀಟರನ್ನು ಮನೆಯ ಕರೆಂಟಿನ ಬೋರ್ಡಿಗೆ ಚುಚ್ಚಬೇಡಿ. ಮೈಮೇಲೆ ಮನೆಯ ಕರೆಂಟಿಗೂ ಸುರಕ್ಷಿತ ಎನ್ನುವ ‘ಕ್ಯಾಟ್ 3’ ಗುರುತು ಬರೆದಿದ್ದರೂ ಒಳಗೆ ಸಣ್ಣ ಗಾಜಿನ ಫ್ಯೂಸ್ ಇರುವ ಮೀಟರ್‌ಗಳಿವೆ. ಹಿಂದಿನ ಮುಚ್ಚಳ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ.

ಹಂತ 6: ಮೈಗೆ ಬರುವ ಟೂಲ್‌ಗಳಲ್ಲಿ ಉಳಿತಾಯ ಬೇಡ

ಜಾಕ್ ಅಗ್ಗದ್ದಾಗಿರಬಹುದು, ಏಕೆಂದರೆ ಜಾಕನ್ನು ನಂಬಿ ಯಾರೂ ವಾಹನದ ಕೆಳಗೆ ಹೋಗಬಾರದು. ಅದು ಎತ್ತುವುದಕ್ಕೆ ಮಾತ್ರ. ಹೊರುವುದು ಸ್ಟ್ಯಾಂಡ್. 2020ರಲ್ಲಿ ಅಮೆರಿಕದ ಅಗ್ಗದ ಟೂಲ್‌ಗಳ ಮಾರಾಟ ಸರಣಿ ಹಾರ್ಬರ್ ಫ್ರೈಟ್ ಹತ್ತು ಲಕ್ಷಕ್ಕೂ ಹೆಚ್ಚು ಜಾಕ್ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಯಿತು. ಹಲ್ಲಿಗೆ ಕಚ್ಚಿಕೊಳ್ಳುವ ಕೊಕ್ಕೆ ಸರಿಯಾಗಿ ಕೂರದೆ, ಭಾರ ಇದ್ದಾಗಲೇ ಸ್ಟ್ಯಾಂಡ್ ಕುಸಿಯುವ ಅಪಾಯವಿತ್ತು. ವಿಪರ್ಯಾಸವೆಂದರೆ ಅದಕ್ಕೆ ಬದಲಾಗಿ ಕೊಟ್ಟವುಗಳಲ್ಲೂ ಕೆಲವನ್ನು ಬೆಸುಗೆಯ ದೋಷಕ್ಕಾಗಿ ಅದೇ ವರ್ಷ ಮತ್ತೆ ವಾಪಸ್ ಕರೆಯಬೇಕಾಯಿತು.

ನಾನು ಇಷ್ಟಪಡುವುದು ಹಲ್ಲು-ಕೊಕ್ಕೆಯ ಬದಲು ದಪ್ಪ ಪಿನ್ ಅಡ್ಡ ತೂರುವ ಸ್ಟ್ಯಾಂಡ್‌ಗಳನ್ನು. ಪಿನ್ ಕೂತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಬೆಸುಗೆಯ ಗೆರೆ ಎಲ್ಲೂ ತುಂಡಾಗದೆ ಸುತ್ತ ಹರಿದಿರಬೇಕು. ನಿಮ್ಮ ವಾಹನಕ್ಕೆ ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನ ಭಾರದ್ದನ್ನು ಕೊಳ್ಳಿ. ಗಟ್ಟಿ ಸಮನೆಲದಲ್ಲಿ ಇಟ್ಟು, ಕೆಳಗೆ ಹೋಗುವ ಮುನ್ನ ವಾಹನವನ್ನು ಪಕ್ಕದಿಂದ ಜೋರಾಗಿ ತಳ್ಳಿ ನೋಡಿ. ಬಿಚ್ಚಿದ ಚಕ್ರವನ್ನು ಚಾಸಿಯ ಕೆಳಗೆ ಸರಿಸಿಡುವುದಕ್ಕೆ ಬಿಡಿಗಾಸೂ ಖರ್ಚಿಲ್ಲ.

ಸಸ್ಪೆನ್ಷನ್ ಸ್ಪ್ರಿಂಗ್ ಅದುಮುವ ಕಂಪ್ರೆಸರ್ ಅಗ್ಗದ್ದು ಸಿಗುತ್ತದೆ, ಮುಟ್ಟಬೇಡಿ. ಅದುಮಿದ ಸ್ಪ್ರಿಂಗ್ ತಪ್ಪಿದರೆ ಎಲ್ಲಿಗೆ ಹಾರುತ್ತದೆಂದು ಹೇಳಲಾಗದು. ಆ ಕೆಲಸವನ್ನು ಗ್ಯಾರೇಜಿಗೆ ಬಿಡಿ, ಇಲ್ಲವೇ ಒಳ್ಳೆಯ ಕಂಪ್ರೆಸರನ್ನು ಬಾಡಿಗೆಗೆ ತನ್ನಿ.

ಗ್ರೈಂಡರ್ ಅಗ್ಗದ್ದು ನಡೆಯುತ್ತದೆ, ಅದರ ಡಿಸ್ಕ್ ಒಳ್ಳೆಯದಿರಲಿ. ಡಿಸ್ಕ್ ಮೇಲಿನ ವೇಗದ ಅಂಕಿ ಯಂತ್ರದ ವೇಗಕ್ಕಿಂತ ಹೆಚ್ಚಿರಬೇಕು. 125 ಎಂಎಂ ಕಟಿಂಗ್ ಡಿಸ್ಕ್‌ಗೆ ಸಾಮಾನ್ಯವಾಗಿ ನಿಮಿಷಕ್ಕೆ 12,200 ಸುತ್ತಿನ ಆಸುಪಾಸು ಬರೆದಿರುತ್ತದೆ. ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ದಿನಾಂಕವೂ ಇರುತ್ತದೆ, ಇದು ಅನೇಕರಿಗೆ ಗೊತ್ತೇ ಇಲ್ಲ. ಗಾರ್ಡ್ ಬಿಚ್ಚಿ ಎಸೆಯುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಕಣ್ಣು ಕಾಯುವ ಕನ್ನಡಕದ ಮೇಲೆ ‘ಇಎನ್ 166’ ಅಥವಾ ‘ಜೆಡ್ 87’ ಎಂಬ ಸುರಕ್ಷತೆಯ ಗುರುತು ಇರಲಿ. ಇಂಪ್ಯಾಕ್ಟ್ ವ್ರೆಂಚ್‌ಗೆ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ ಮಾತ್ರ. ಹೊಳೆಯುವ ಕ್ರೋಮ್ ಸಾಕೆಟ್ ಅದರ ಹೊಡೆತಕ್ಕೆ ಚೂರಾಗಬಹುದು, ಎಷ್ಟೇ ದುಬಾರಿಯದಾದರೂ.

ಹಂತ 7: ಯಾವಾಗ ಮೇಲಿನ ದರ್ಜೆಗೆ ಹೋಗಬೇಕು

ಎರಡನೇ ಗುಂಪಿನ ಟೂಲ್‌ಗಳಿಗೆ ನಾನು ಅನುಸರಿಸುವ ನಿಯಮ ಸರಳ. ಮೊದಲ ಸಲ ನಡುಮಟ್ಟದ ಅಗ್ಗದ್ದು. ಅದು ಸವೆದರೆ ಅಥವಾ ಮುರಿದರೆ, ಅದೇ ಅಳತೆಯ ಒಳ್ಳೆಯದು. ನನ್ನ ಪೆಟ್ಟಿಗೆಯಲ್ಲಿ ಹೀಗೆ ಬದಲಾದವು 10, 12, 14ರ ಸಾಕೆಟ್ ಮತ್ತು 5, 6 ಎಂಎಂ ಅಲೆನ್ ಕೀ ಮಾತ್ರ. ಉಳಿದವು ಹಳೆಯವೇ, ಅವುಗಳ ಮೇಲಿನ ಸ್ಟಿಕ್ಕರ್ ಕೂಡ ಹೋಗಿಲ್ಲ. ಎಲ್ಲವನ್ನೂ ಮೊದಲೇ ದುಬಾರಿಯದು ಕೊಂಡಿದ್ದರೆ ಮುಕ್ಕಾಲು ಹಣ ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು.

ಹಳೆಯ ಟೂಲ್‌ಗಳನ್ನು ಮರೆಯಬೇಡಿ. ಮೇಲೆ ತುಕ್ಕು ಹಿಡಿದ, ಬಾಯಿ ನೇರವಾಗಿರುವ ಹಳೆಯ ಫೋರ್ಜ್ ಮಾಡಿದ ಸ್ಪ್ಯಾನರ್ ಅನೇಕ ಸಲ ಹೊಸ ಹೊಳೆಯುವ ಅಗ್ಗದ್ದನ್ನು ಸೋಲಿಸುತ್ತದೆ. ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿ, ಬ್ರಶ್ ಉಜ್ಜಿ, ತೊಳೆದು ಒಣಗಿಸಿ ಎಣ್ಣೆ ಹಚ್ಚಿ. ವೈಸ್ ಅಂತೂ ಹಳೆಯದೇ ಕೊಳ್ಳಬೇಕು.

ಬ್ಯಾಟರಿ ಟೂಲ್‌ಗಳ ಲೆಕ್ಕ ಬೇರೆ. ಅಲ್ಲಿ ನೀವು ಡ್ರಿಲ್ ಕೊಳ್ಳುತ್ತಿಲ್ಲ, ಬ್ಯಾಟರಿಯ ಕುಟುಂಬಕ್ಕೆ ಸೇರುತ್ತಿದ್ದೀರಿ. ಮೂರು ವರ್ಷದ ನಂತರ ಅದೇ ಬ್ಯಾಟರಿ ಸಿಗದಿದ್ದರೆ ಡ್ರಿಲ್ ಎಷ್ಟು ಗಟ್ಟಿಯಿದ್ದರೂ ಅದು ಕಾಗದ ಹಾರದಂತೆ ಇಡುವ ಕಲ್ಲು. ವರ್ಷಕ್ಕೆ ನಾಲ್ಕು ತೂತು ಕೊರೆಯುವವರಿಗೆ ವಯರಿರುವ ಅಗ್ಗದ ಡ್ರಿಲ್ಲೇ ಬುದ್ಧಿವಂತರ ಆಯ್ಕೆ.

ಹಂತ 8: ಅಗ್ಗದ್ದನ್ನು ಬಾಳಿಸುವುದು

ಹೊಸ ಅಗ್ಗದ ರ‍್ಯಾಚೆಟ್ ತಂದ ದಿನವೇ ತಲೆಯ ಸ್ಕ್ರೂ ಬಿಚ್ಚಿ. ಒಳಗೆ ಗ್ರೀಸ್ ಇಲ್ಲದಿರಬಹುದು, ಇಲ್ಲವೇ ಗೋಂದಿನಂಥ ಗ್ರೀಸ್ ತುಂಬಿರಬಹುದು. ಭಾಗಗಳು ಹೇಗೆ ಕೂತಿದ್ದವು ಎಂದು ಫೋಟೊ ತೆಗೆದುಕೊಂಡು, ತೊಳೆದು, ತೆಳುವಾಗಿ ಹೊಸ ಗ್ರೀಸ್ ಸವರಿ. ಸ್ಪ್ರಿಂಗ್ ಹಾರಿಹೋಗುತ್ತದೆ, ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಿಚ್ಚಿ. ನಾನು ಒಂದನ್ನು ಕಪಾಟಿನ ಹಿಂದೆ ಕಳೆದುಕೊಂಡ ಮೇಲೆ ಕಲಿತ ಪಾಠ.

ಕ್ಲಿಕ್ ಟಾರ್ಕ್ ವ್ರೆಂಚನ್ನು ಕೆಲಸ ಮುಗಿದ ಮೇಲೆ ಅದರ ಅತಿ ಕಡಿಮೆ ಅಂಕಿಗೆ ತಿರುಗಿಸಿ ಇಡಿ. ಅದರಿಂದ ಬೋಲ್ಟ್ ಬಿಚ್ಚಬೇಡಿ. ಸ್ಪ್ಯಾನರ್‌ಗೆ ಪೈಪ್ ತೂರಿಸಿ ಉದ್ದ ಮಾಡಬೇಡಿ, ಹದವಿಲ್ಲದ ಉಕ್ಕು ಬಾಯಿ ಬಿಡುವುದು ಆಗಲೇ. ತುಕ್ಕು ಹಿಡಿದ ಬೋಲ್ಟ್‌ಗೆ ಹಿಂದಿನ ರಾತ್ರಿಯೇ ನುಗ್ಗುವ ಎಣ್ಣೆ ಬಿಟ್ಟು, ಬೆಳಿಗ್ಗೆ ತಲೆಗೆ ಎರಡು ಪೆಟ್ಟು ಕೊಟ್ಟು ಆಮೇಲೆ ಟೂಲ್ ಹಾಕಿ. ದುಬಾರಿ ಸಾಕೆಟ್ ಇದ್ದವರೂ ಇದನ್ನೇ ಮಾಡುತ್ತಾರೆ.

ಕೆಟ್ಟ ಟೂಲ್ ಎಸೆಯುವ ಮೊದಲು ಅದಕ್ಕೆ ಬೇರೆ ಕೆಲಸ ಇದೆಯೇ ನೋಡಿ. ತುದಿ ಹೋದ ಸ್ಕ್ರೂಡ್ರೈವರನ್ನು ಸಾಣೆ ಹಿಡಿದರೆ ಆಯಿಲ್ ಸೀಲ್ ಎಬ್ಬಿಸುವ ಕೊಕ್ಕೆಯಾಗುತ್ತದೆ. ಡ್ರೇನ್ ಬೋಲ್ಟ್ ತಿಂದ ಆ 17 ಎಂಎಂ ಸಾಕೆಟ್ ಈಗ ನನ್ನ ಬಳಿ ಬುಶ್ ಕೂರಿಸುವ ಒತ್ತು. ಬುಶ್ಶಿನ ಮೇಲೆ ಅದನ್ನಿಟ್ಟು, ಅದೇ ದಿನ ಕೊಂಡ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತೇನೆ.